ಮೊದಲು ಬರುವವರು ಪೊಲೀಸರು, ಅವರ ಕೈಗೆ ಏನು ಕೊಟ್ಟಿದ್ದೇವೆ?

ರಸ್ತೆ ಸುರಕ್ಷತೆ ಬಗ್ಗೆ ಮೊನ್ನೆ ತುಮಕೂರಿನಲ್ಲಿ ನಡೆದ ಸಭೆಯಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಅಲ್ಲಿ ಸಮಯ ಸಾಲದೆ ಓಡಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ, ಸಭಿಕರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ಆಗಾಗ ಪೊಲೀಸರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡಲು ಹೋಗುತ್ತೇನೆ.

ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪೊಲೀಸರಿಗೆ ತುರ್ತು ಚಿಕಿತ್ಸೆಯ ತರಬೇತಿ ಕೊಡಲು ಸರ್ಕಾರ ಪ್ರತಿ ವರ್ಷ ಬಜೆಟ್ಟಿನಲ್ಲೇ ಬೇರೆಯಾಗಿ ಹಣ ಎತ್ತಿಡಬೇಕು. ಆ ಹಣ ನಾವು ಕಟ್ಟುವ ಟ್ರಾಫಿಕ್ ದಂಡದಿಂದ ಬರಬೇಕು. ದಾನಿಗಳು ಕೊಟ್ಟಾಗ ಒಂದು ಕಾರ್ಯಕ್ರಮ, ಯಾರಾದರೂ ಅಧಿಕಾರಿಗೆ ಆಸಕ್ತಿ ಇದ್ದರೆ ಒಂದು ಶಿಬಿರ, ಹೀಗೆ ನಡೆಸಿದರೆ ಇದು ನಿಲ್ಲುವುದಿಲ್ಲ.

ಪೊಲೀಸರಿಗೇ ಯಾಕೆ? ಹೆದ್ದಾರಿಯಲ್ಲಿ ಒಂದು ಬೈಕು ಲಾರಿ ಅಡಿ ಸಿಕ್ಕಿತು ಅಂದುಕೊಳ್ಳಿ. ಒಬ್ಬರು 112ಕ್ಕೆ ಫೋನ್ ಮಾಡುತ್ತಾರೆ, ಇನ್ನೊಬ್ಬರು 108ಕ್ಕೆ. 108 ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರ್‌ನಲ್ಲಿ ಶುರುವಾಯಿತು, ಅದರಿಂದ ಉಳಿದ ಜೀವಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಆ ಆಂಬುಲೆನ್ಸ್ ಆ ಹೊತ್ತಿಗೆ ಹೆರಿಗೆ ನೋವು ಬಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿರಬಹುದು. ಪೊಲೀಸ್ ಗಾಡಿ ಮಾತ್ರ ಹೇಗೂ ರಸ್ತೆಯಲ್ಲೇ ಇರುತ್ತೆ. ಬೆಂಗಳೂರಿನಲ್ಲಿ ಹೊಯ್ಸಳ, ಹೆದ್ದಾರಿಯಲ್ಲಿ ಗಸ್ತು ವಾಹನ, ಊರೊಳಗೆ ಬೀಟ್ ಪೊಲೀಸರ ಬೈಕು. ಅಪಘಾತ ಅಷ್ಟೇ ಅಲ್ಲ. ನೇಣು ಹಾಕಿಕೊಂಡಿದ್ದಾರೆ ಅಂತ ಫೋನ್ ಬಂದರೂ, ಕೆರೆಗೆ ಬಿದ್ದಿದ್ದಾರೆ ಅಂದರೂ, ಮಚ್ಚಿನಲ್ಲಿ ಹೊಡೆದಾಡಿಕೊಂಡಿದ್ದಾರೆ ಅಂದರೂ, ಕರೆಂಟ್ ಹೊಡೆದಿದೆ ಅಂದರೂ ಜನ ಕರೆಯುವುದು ಪೊಲೀಸರನ್ನೇ. ಅಲ್ಲಿಗೆ ಹೋಗುವ ಕಾನ್‌ಸ್ಟೆಬಲ್‌ಗೆ ಮೊದಲ ಐದು ನಿಮಿಷದಲ್ಲಿ ಏನು ಮಾಡಬೇಕು ಅಂತ ಗೊತ್ತಿದ್ದರೆ ಒಂದು ಜೀವ ಉಳಿಯಬಹುದು. ಗೊತ್ತಿಲ್ಲದಿದ್ದರೆ ಆತ ಗುಂಪನ್ನು ಹಿಂದೆ ತಳ್ಳಿ, ಗಾಡಿಗಳನ್ನು ಪಕ್ಕಕ್ಕೆ ಬಿಡಿಸಿ, ಆಂಬುಲೆನ್ಸ್ ದಾರಿ ಕಾಯುತ್ತಾ ನಿಲ್ಲುತ್ತಾರೆ. ಅದು ಅವರ ತಪ್ಪಲ್ಲ, ನಾವು ಅವರಿಗೆ ಕಲಿಸಿರುವುದೇ ಅಷ್ಟು.

ಎಷ್ಟು ಜನರ ಮಾತು ಇದು? ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕರ್ನಾಟಕದಲ್ಲಿ 11,702. ನಮ್ಮ ರಾಜ್ಯವೊಂದರಲ್ಲೇ ದಿನಕ್ಕೆ 32 ಜನ. ಎಲ್ಲರನ್ನೂ ಉಳಿಸಬಹುದಿತ್ತು ಅಂತ ಯಾವ ವೈದ್ಯರೂ ಹೇಳುವುದಿಲ್ಲ. ತಲೆ ಪೂರ್ತಿ ಜಜ್ಜಿಹೋದವರಿಗೆ, ಎದೆಯೊಳಗಿನ ದೊಡ್ಡ ರಕ್ತನಾಳ ಹರಿದವರಿಗೆ ರಸ್ತೆ ಮೇಲೆ ಮಾಡಲು ಏನೂ ಇರುವುದಿಲ್ಲ. ಆದರೆ ಭಾರತದ ಕಾನೂನು ಆಯೋಗ 2006ರಲ್ಲಿ ಕೊಟ್ಟ 201ನೇ ವರದಿಯಲ್ಲಿ, ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಕ್ಕಿದ್ದರೆ ಅಪಘಾತದ ಸಾವುಗಳಲ್ಲಿ ಅರ್ಧದಷ್ಟನ್ನು ತಡೆಯಬಹುದಿತ್ತು ಅಂತ ಬರೆದಿದೆ. ಅರ್ಧ ಬೇಡ, ಹತ್ತರಲ್ಲಿ ಒಬ್ಬರು ಉಳಿದರೂ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರಕ್ಕೂ ಜಾಸ್ತಿ ಮನೆಗಳ ಮಾತಾಯಿತು.

ಸರ್ಕಾರ ಈ ವಿಷಯದಲ್ಲಿ ಕೈಕಟ್ಟಿ ಕೂತಿಲ್ಲ, ಅದನ್ನೂ ಹೇಳಬೇಕು. ಕರ್ನಾಟಕ 2016ರಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದಿತು, ಮೊದಲ 48 ಗಂಟೆಯಲ್ಲಿ 25,000 ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ. ತಮಿಳುನಾಡು 2021ರ ಡಿಸೆಂಬರ್‌ನಲ್ಲಿ ಅಂಥದ್ದೇ 48 ಗಂಟೆಯ ಯೋಜನೆ ತಂದಿತು. ಗೋಲ್ಡನ್ ಅವರ್ ಅಂದರೆ ಗಾಯವಾದ ಮೇಲಿನ ಮೊದಲ ಒಂದು ಗಂಟೆ ಅಂತ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯೊಳಗೇ ಸೇರಿಸಿದರು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಒಂದು ಯೋಜನೆ ಹೊರಡಿಸಿತು, ಒಬ್ಬ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ. ಎಲ್ಲ ಒಳ್ಳೆಯ ಯೋಜನೆಗಳೇ. ಆದರೆ ಇವುಗಳ ಹಣ ಖರ್ಚಾಗಲು ಶುರುವಾಗುವುದು ಎಲ್ಲಿಂದ ನೋಡಿ. ಆಸ್ಪತ್ರೆ ಗೇಟಿನಿಂದ ಒಳಗೆ. ಗಾಯಾಳು ಉಸಿರಿಟ್ಟುಕೊಂಡು ನನ್ನ ಹತ್ತಿರ ಬಂದರೆ ತಾನೇ ಆ ಒಂದೂವರೆ ಲಕ್ಷ ಉಪಯೋಗಕ್ಕೆ ಬರುವುದು? ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗುತ್ತದೆ. ಪ್ರಜ್ಞೆ ತಪ್ಪಿ ಅಂಗಾತ ಬಿದ್ದವರ ನಾಲಿಗೆ ಹಿಂದಕ್ಕೆ ಜಾರಿದರೆ, ಬಾಯಲ್ಲಿ ರಕ್ತ ತುಂಬಿದರೆ, ಉಸಿರು ಕಟ್ಟಿ ಸಾಯಲು ಐದಾರು ನಿಮಿಷ ಸಾಕು. ಆ ನಿಮಿಷಗಳಿಗೆ ಅಂತ ನಮ್ಮ ಬಜೆಟ್ಟಿನಲ್ಲಿ ಹಣ ಇಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಆ ನಿಮಿಷಗಳಲ್ಲಿ ಮಾಡಬೇಕಾದ ಕೆಲಸಕ್ಕೆ ಡಾಕ್ಟರ್ ಬೇಕಿಲ್ಲ. ನಾವು ಹೇಗೆ ಕಲಿಸುತ್ತೇವೆ ಅಂತ ಸ್ವಲ್ಪ ಹೇಳುತ್ತೇನೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆ ಮೈದಾನದ ಪಕ್ಕದ ಹಾಲ್‌ನಲ್ಲಿ ಹಳೆಯ ಫೋಮ್ ಹಾಸಿಗೆಯ ತುಂಡುಗಳನ್ನು ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಚಾಕುವಿನಿಂದ ಆಳವಾಗಿ ಸೀಳಿ, ಒಳಗೆ ಒಂದು ಸಣ್ಣ ರಬ್ಬರ್ ಪೈಪು ಇಟ್ಟು, ಕೆಂಪು ಬಣ್ಣದ ನೀರನ್ನು ಸಿರಿಂಜಿನಿಂದ ತಳ್ಳುತ್ತೇವೆ. ಕಾನ್‌ಸ್ಟೆಬಲ್ ಗ್ಲೌಸ್ ಹಾಕಿಕೊಂಡು, ಗಾಜ್ ಬಟ್ಟೆಯನ್ನು ಬೆರಳಿನಿಂದ ಆ ಸೀಳಿನೊಳಗೆ ತಳಮುಟ್ಟ ತುಂಬಬೇಕು. ಆಮೇಲೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ನೇರ ಮಾಡಿ, ಮೈಭಾರ ಬಿಟ್ಟು ಒತ್ತಬೇಕು. ಎಲ್ಲರೂ ಮಾಡುವ ತಪ್ಪು ಒಂದೇ. ಹತ್ತು ಸೆಕೆಂಡ್ ಒತ್ತುತ್ತಾರೆ, ನಿಂತಿದೆಯಾ ಅಂತ ಕೈ ಎತ್ತಿ ನೋಡುತ್ತಾರೆ. ಕೈ ಎತ್ತಿದ ತಕ್ಷಣ ಕೆಂಪು ನೀರು ಮತ್ತೆ ಉಕ್ಕುತ್ತದೆ. "ಎತ್ತಬೇಡಿ ಸರ್, ಆಂಬುಲೆನ್ಸ್ ಬರೋವರೆಗೂ ಅಲ್ಲೇ ಇರಲಿ ಕೈ" ಅಂತ ಹೇಳಿ ಹೇಳಿ, ಮೂರನೇ ಸಲಕ್ಕೆ ಕೈ ಕದಲುವುದಿಲ್ಲ. ಬಾಯಲ್ಲಿ ಹೇಳಿದರೆ ಬರುವ ಕೆಲಸ ಇದಲ್ಲ, ಕೈಯೇ ಕಲಿಯಬೇಕು.

ಇದರ ಜೊತೆಗೆ ಟೂರ್ನಿಕೆಟ್ ಪಟ್ಟಿ. ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯದಿಂದ ನಾಲ್ಕು ಬೆರಳು ಮೇಲೆ ಕಟ್ಟಿ, ಅದರ ಕಡ್ಡಿ ತಿರುಗಿಸಿ, ರಕ್ತ ನಿಲ್ಲುವವರೆಗೆ ಬಿಗಿದು, ಕಟ್ಟಿದ ಸಮಯ ಬರೆದಿಡಬೇಕು. ಕೀಲಿನ ಮೇಲೆ ಕಟ್ಟಬಾರದು. ಬಿಗಿದಾಗ ಗಾಯಾಳು ನೋವಿಗೆ ಕಿರುಚುತ್ತಾರೆ, ಅದಕ್ಕೆ ಹೆದರಿ ಸಡಿಲ ಮಾಡಬಾರದು. ಹಾವು ಕಚ್ಚಿದವರಿಗೆ ಮಾತ್ರ ಇದೇ ತರಹ ಬಿಗಿದು ಕಟ್ಟಿದರೆ ಕಾಲೇ ಕಳೆದುಕೊಳ್ಳಬೇಕಾಗಬಹುದು. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಹಾವು ಕಡಿದ ಕಾಲಿಗೆ ಹಗ್ಗ, ಟವೆಲ್ ಬಿಗಿದು ಕರೆತರುತ್ತಾರೆ. ಒಂದು ಕಡೆ ಜೀವ ಉಳಿಸುವ ಕಟ್ಟು ಇನ್ನೊಂದು ಕಡೆ ಅಂಗ ತೆಗೆಯುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದವರ ಕೈಗೆ ಸುಮ್ನೆ ಕಿಟ್ ಕೊಟ್ಟುಬಿಡಿ ಅಂತ ಯಾರಾದರೂ ಅಂದರೆ ನಾನು ಬೇಡ ಅನ್ನುತ್ತೇನೆ. ಕಿಟ್ಟಿಗೆ ಮುಂಚೆ ತರಬೇತಿ.

ಸಿಪಿಆರ್, ಅಂದರೆ ಹೃದಯ ನಿಂತವರ ಎದೆಯನ್ನು ಕೈಯಿಂದ ಒತ್ತುವ ಚಿಕಿತ್ಸೆ, ಅದರ ಬಗ್ಗೆ ಈಗ ಎಲ್ಲರಿಗೂ ಸ್ವಲ್ಪ ಗೊತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ನಮ್ಮ ರಾಜ್ಯದಲ್ಲಿ ಹೃದಯಾಘಾತದ ಮಾತು ಮನೆಮನೆಗೆ ಬಂತು. ಎದೆಯ ಮಧ್ಯದಲ್ಲಿ, ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಕೇಳಲು ಸುಲಭ. ಅಭ್ಯಾಸದ ಬೊಂಬೆ ಮೇಲೆ ಎರಡು ನಿಮಿಷ ಮಾಡಿದರೆ ಗಟ್ಟಿಮುಟ್ಟಾದ ಮೀಸಲು ಪಡೆ ಹುಡುಗರೂ ಬೆವರುತ್ತಾರೆ, ಆಳ ಕಡಿಮೆಯಾಗುತ್ತಾ ಹೋಗುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು, ಅದಕ್ಕೇ ಒಬ್ಬರಿಗೆ ಗೊತ್ತಿದ್ದರೆ ಸಾಲದು, ಗಾಡಿಯಲ್ಲಿರುವ ಇಬ್ಬರಿಗೂ ಗೊತ್ತಿರಬೇಕು.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದಕ್ಕೆ ಯಾರು ಹೊಣೆ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ, ಆ ದಿನ ಪ್ರಥಮ ಚಿಕಿತ್ಸೆಯಿಂದ ಎಷ್ಟು ಜನ ಉಳಿಯುತ್ತಿದ್ದರು ಅಂತಲೂ ಹೇಳಲು ಬರುವುದಿಲ್ಲ. ಆದರೆ ಪೊಲೀಸರು ಪ್ರಜ್ಞೆ ಇಲ್ಲದ ಮಕ್ಕಳನ್ನು, ಯುವಕರನ್ನು ತೋಳಲ್ಲಿ ಎತ್ತಿಕೊಂಡು ಓಡಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಗುಂಪಿನಲ್ಲಿ ಒತ್ತಿ ಸಿಕ್ಕಿಹಾಕಿಕೊಂಡವರಿಗೆ ಎದೆ ಹಿಗ್ಗಲು ಜಾಗ ಇಲ್ಲದೆ ಉಸಿರು ನಿಲ್ಲುತ್ತೆ. ಹೊರಗೆ ತಂದ ಕೂಡಲೇ ಗಟ್ಟಿ ನೆಲದ ಮೇಲೆ ಮಲಗಿಸಿ, ಉಸಿರಿದೆಯಾ ನೋಡಿ, ಇಲ್ಲದಿದ್ದರೆ ಅಲ್ಲೇ ಸಿಪಿಆರ್ ಶುರು ಮಾಡಬೇಕು. ಇದನ್ನು ಆ ಬಂದೋಬಸ್ತಿನಲ್ಲಿದ್ದ ಪ್ರತಿಯೊಬ್ಬರಿಗೂ ಮೊದಲೇ ಕಲಿಸಿಡುವುದು ನಮ್ಮ ಜವಾಬ್ದಾರಿ ಅಲ್ವಾ? ದಸರಾ, ಜಾತ್ರೆ, ತೇರು, ಗಣೇಶನ ಮೆರವಣಿಗೆ, ರಾಜಕೀಯ ಸಮಾವೇಶ, ಎಲ್ಲ ಕಡೆ ಜನರ ಮಧ್ಯೆ ನಿಂತಿರುವುದು ಪೊಲೀಸರು.

ಈಗ ತರಬೇತಿ ಇಲ್ಲವೇ ಇಲ್ಲ ಅಂತ ಅಲ್ಲ. ಚನ್ನಪಟ್ಟಣ, ಖಾನಾಪುರದಂಥ ತರಬೇತಿ ಶಾಲೆಗಳಿಗೆ ಹೊಸದಾಗಿ ಸೇರಿದವರಿಗೆ ಪ್ರಥಮ ಚಿಕಿತ್ಸೆ ಪಾಠ ಇರುತ್ತದೆ. ನನ್ನ ತರಗತಿಗೆ ಬರುವ ಹೆಡ್ ಕಾನ್‌ಸ್ಟೆಬಲ್‌ಗಳನ್ನು ಕೇಳಿದರೆ, "ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ರು ಮೇಡಂ, ಹದಿನೈದು ವರ್ಷ ಆಯ್ತು" ಅನ್ನುತ್ತಾರೆ. ಸಿಪಿಆರ್ ಕಲಿತವರ ಕೈಚಳಕ ಮೂರರಿಂದ ಆರು ತಿಂಗಳಲ್ಲಿ ಕುಗ್ಗಲು ಶುರುವಾಗುತ್ತೆ ಅಂತ ಜಗತ್ತಿನಾದ್ಯಂತ ಆದ ಅಧ್ಯಯನಗಳು ಹೇಳುತ್ತವೆ, ನಮ್ಮ ನರ್ಸ್‌ಗಳಲ್ಲೂ ಅಷ್ಟೇ, ಡಾಕ್ಟರ್‌ಗಳಲ್ಲೂ ಅಷ್ಟೇ. ಹದಿನೈದು ವರ್ಷದ ಹಿಂದಿನ ಪಾಠ ಇವತ್ತು ರಸ್ತೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಪೊಲೀಸರಿಗೆ ಗುಂಡು ಹೊಡೆಯುವ ಅಭ್ಯಾಸ ಪ್ರತಿ ವರ್ಷ ಇರುತ್ತದೆ. ಅದಕ್ಕೆ ಮೈದಾನ ಇದೆ, ಮದ್ದುಗುಂಡಿನ ಲೆಕ್ಕ ಇದೆ, ದಿನಾಂಕ ಇದೆ, ಬರದಿದ್ದರೆ ಕೇಳುವವರೂ ಇದ್ದಾರೆ. ಬಹಳಷ್ಟು ಕಾನ್‌ಸ್ಟೆಬಲ್‌ಗಳು ಇಡೀ ಸೇವೆಯಲ್ಲಿ ಒಬ್ಬರ ಮೇಲೂ ಗುಂಡು ಹಾರಿಸುವುದಿಲ್ಲ. ಆದರೆ ಹೆದ್ದಾರಿ ಪಕ್ಕದ ಠಾಣೆಯಲ್ಲಿರುವವರು ತಿಂಗಳು ತಿಂಗಳೂ ರಕ್ತ ನೋಡುತ್ತಾರೆ.

ಇನ್ನೊಂದು ಹೋಲಿಕೆ ಹೇಳುತ್ತೇನೆ, ಇಲಾಖೆ ಮೇಲೆ ಸಿಟ್ಟಿನಿಂದ ಅಲ್ಲ. ಅಪಘಾತದ ವಿವರಗಳನ್ನು ಸ್ಥಳದಲ್ಲೇ ಮೊಬೈಲಿನಲ್ಲಿ ದಾಖಲು ಮಾಡಲು ಐಆರ್‌ಎಡಿ ಅನ್ನುವ ವ್ಯವಸ್ಥೆ ಬಂತು, ಐಐಟಿ ಮದ್ರಾಸ್ ರೂಪಿಸಿದ್ದು. ಠಾಣೆ ಠಾಣೆಯಲ್ಲೂ ಅದರ ತರಬೇತಿ ಆಯಿತು. ಯಾಕೆ ಆಯಿತು ಅಂದರೆ ಅದಕ್ಕೆ ಅಂತ ಹಣ ಇತ್ತು, ಜವಾಬ್ದಾರಿ ಹೊತ್ತವರಿದ್ದರು, ಯಾವ ಠಾಣೆ ಮಾಡಿಲ್ಲ ಅಂತ ಮೇಲೆ ಕೂತವರಿಗೆ ಕಾಣುತ್ತಿತ್ತು. ಅಂದರೆ ಮನಸ್ಸು ಮಾಡಿದರೆ ಇಡೀ ಪೊಲೀಸ್ ಇಲಾಖೆಗೆ ಹೊಸ ಕೆಲಸ ಕಲಿಸಲು ಆಗುತ್ತದೆ.

ಹೊರಗೆ ಏನಾಗಿದೆ ಅಂತ ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1980ರ ದಶಕದಿಂದಲೂ ಗುಂಡೇಟು, ಚಾಕು ಇರಿತದ ಗಾಯಾಳುಗಳನ್ನು ಪೊಲೀಸರೇ ತಮ್ಮ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಇದರ ಬಗ್ಗೆ 2014ರಲ್ಲಿ ಬಂದ ಅಧ್ಯಯನ ನಾಲ್ಕು ಸಾವಿರಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿತು. ಗಾಯದ ತೀವ್ರತೆ ಲೆಕ್ಕಕ್ಕೆ ತಗೊಂಡ ಮೇಲೆ, ಪೊಲೀಸರು ತಂದವರಿಗೂ ಆಂಬುಲೆನ್ಸ್ ತಂದವರಿಗೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಮಿನೆಸೋಟಾದ ರಾಚೆಸ್ಟರ್ ಊರಿನಲ್ಲಿ 1990ರಿಂದ ಪೊಲೀಸ್ ಕಾರುಗಳಲ್ಲಿ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಇದೆ. ಅದೇ ರಾಜ್ಯಕ್ಕೆ 2022ರಲ್ಲಿ ಹೆಲ್ಮ್‌ಸ್ಲಿ ಟ್ರಸ್ಟ್ 1 ಕೋಟಿ 88 ಲಕ್ಷ ಡಾಲರ್ ಕೊಟ್ಟಿತು, ಪೊಲೀಸರಿಗೆ ಮತ್ತು ಮೊದಲು ತಲುಪುವ ಇತರರಿಗೆ ಸುಮಾರು 8,300 ಎಇಡಿಗಳಿಗಾಗಿ.

ಅವರ ದುಡ್ಡು ನಮ್ಮಲ್ಲಿಲ್ಲ ಅನ್ನುತ್ತೀರಿ. ಹಾಗಾದರೆ ಉಗಾಂಡಾದ ಕಂಪಾಲಾ ನೋಡಿ. ಆಂಬುಲೆನ್ಸ್ ವ್ಯವಸ್ಥೆ ಸರಿಯಾಗಿ ಇಲ್ಲದ ಆ ನಗರದಲ್ಲಿ ಪೊಲೀಸರು, ಟ್ಯಾಕ್ಸಿ ಚಾಲಕರು, ಬಡಾವಣೆಯ ಮುಖಂಡರು ಸೇರಿ 307 ಜನರಿಗೆ ಪ್ರಥಮ ಚಿಕಿತ್ಸೆ ಕಲಿಸಿದರು. 2009ರಲ್ಲಿ ಅದರ ಅಧ್ಯಯನ ಪ್ರಕಟವಾಯಿತು. ಕಲಿತವರು ಕಲಿತದ್ದನ್ನು ನಿಜವಾಗಿ ರಸ್ತೆಯಲ್ಲಿ ಬಳಸಿದರು, ಖರ್ಚು ತೀರಾ ಕಡಿಮೆ. ಉತ್ತರ ಇರಾಕ್ ಮತ್ತು ಕಾಂಬೋಡಿಯಾದ ನೆಲಬಾಂಬ್ ಹೂತಿಟ್ಟ ಹಳ್ಳಿಗಳಲ್ಲಿ ಊರಿನವರಿಗೇ ಕಲಿಸಿದಾಗ, ಐದು ವರ್ಷದಲ್ಲಿ ಗಾಯಾಳುಗಳ ಸಾವು ನೂರಕ್ಕೆ 40ರಿಂದ 15ರ ಆಸುಪಾಸಿಗೆ ಇಳಿಯಿತು. ನಮ್ಮ ದೇಶದಲ್ಲೇ ದೆಹಲಿ ಪೊಲೀಸರ ಪಿಸಿಆರ್, ಅಂದರೆ ಕಂಟ್ರೋಲ್ ರೂಮಿನ ಗಾಡಿಗಳು ಬಹಳ ವರ್ಷಗಳಿಂದ ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸುತ್ತಿವೆ, ಸೇವ್‌ಲೈಫ್ ಫೌಂಡೇಶನ್‌ನಂಥ ಸಂಸ್ಥೆಗಳು ಪೊಲೀಸರಿಗೆ ತರಬೇತಿ ಕೊಟ್ಟಿವೆ. ಕಲಿಸುವುದು ಹೇಗೆ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ. ಹಣ ಯಾರು, ಎಷ್ಟು, ಎಲ್ಲಿಯವರೆಗೆ ಅನ್ನುವುದು ಉಳಿದಿದೆ.

ಈಗ ಹಣಕ್ಕೆ ಬರೋಣ. ಸಭೆಯಲ್ಲೂ ನಾನು ಹೆಚ್ಚು ಹೊತ್ತು ಮಾತಾಡಿದ್ದು ಇದರ ಮೇಲೆಯೇ.

ಬಜೆಟ್ ಪುಸ್ತಕದಲ್ಲಿ ಪೊಲೀಸ್ ಖರ್ಚಿನ ಲೆಕ್ಕ ಶೀರ್ಷಿಕೆ 2055. ಅದರ ಬಹುಪಾಲು ಸಂಬಳ, ಪೆಟ್ರೋಲು, ಕಟ್ಟಡಕ್ಕೇ ಹೋಗುತ್ತದೆ. ತರಬೇತಿಗೆ ಹೋಗುವುದು ದೇಶದ ಸರಾಸರಿ ನೋಡಿದರೆ ನೂರು ರೂಪಾಯಿಗೆ ಒಂದು ರೂಪಾಯಿಯ ಆಸುಪಾಸು. ಆ ಒಂದು ರೂಪಾಯಿಯಲ್ಲಿ ಹೊಸಬರ ತರಬೇತಿ, ಹೊಸ ಕಾನೂನಿನ ತರಬೇತಿ, ಸೈಬರ್ ಅಪರಾಧದ ತರಬೇತಿ, ಎಲ್ಲ ಆಗಬೇಕು. ಕೇಂದ್ರದ ಪೊಲೀಸ್ ಆಧುನೀಕರಣ ಯೋಜನೆಗೆ 2021-22ರಿಂದ ಐದು ವರ್ಷಕ್ಕೆ 26,275 ಕೋಟಿ ರೂಪಾಯಿ ಮಂಜೂರಾಯಿತು. ದೊಡ್ಡ ಮೊತ್ತ, ಆದರೆ ಅದರ ಒತ್ತು ಶಸ್ತ್ರ, ಸಂಪರ್ಕ ವ್ಯವಸ್ಥೆ, ವಿಧಿವಿಜ್ಞಾನ, ಗಡಿ ಮತ್ತು ನಕ್ಸಲ್ ಪ್ರದೇಶದ ಭದ್ರತೆ ಮೇಲೆ. ಬೇಡ ಅಂತಲ್ಲ. ಆದರೆ ಗಾಯಾಳುವಿನ ಹತ್ತಿರ ಮೊಣಕಾಲೂರಿ ಕೂರುವ ಕಾನ್‌ಸ್ಟೆಬಲ್ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಹಾಗಾಗಿ ಈಗ ನಡೆಯುತ್ತಿರುವುದು ಸಿಎಸ್‌ಆರ್ ಹಣದಲ್ಲಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಕೊಡುತ್ತಾರೆ, ನಾನು ಹೇಳಿಕೊಟ್ಟ ತರಗತಿಗಳೂ ಅಂಥ ಹಣದಲ್ಲೇ ನಡೆದಿವೆ, ಕೊಟ್ಟವರಿಗೆ ಧನ್ಯವಾದ ಹೇಳುತ್ತೇನೆ. ಆದರೆ ಅದು ಹೇಗೆ ನಡೆಯುತ್ತೆ ನೋಡಿ. ಒಂದು ವರ್ಷದ ಮಂಜೂರಾತಿ, ಒಂದು ಉದ್ಘಾಟನೆ, ಕಿಟ್ ವಿತರಣೆ, ಫೋಟೋ. ಮುಂದಿನ ವರ್ಷ ಅದೇ ಕಂಪನಿ ಶಾಲೆಗೆ ಬೆಂಚು ಕೊಡಿಸಲು ಹೋಗುತ್ತೆ, ಅದೂ ಒಳ್ಳೆಯ ಕೆಲಸವೇ. ಇಲ್ಲಿ ಮಾತ್ರ ಆರು ತಿಂಗಳ ನಂತರದ ಮರು ಅಭ್ಯಾಸ ನಿಂತುಹೋಗುತ್ತೆ. ಕಿಟ್ಟಿನ ಕಥೆಯೂ ಇದೇ. ಒಂದು ಠಾಣೆಯ ಗಾಡಿಯಲ್ಲಿ ಡಬ್ಬಿ ತೆಗೆಸಿ ನೋಡಿದೆ. ಅರ್ಧ ಖಾಲಿಯಾದ ಅಯೋಡಿನ್ ಬಾಟಲಿ, ಅವಧಿ ಮುಗಿದ ಮುಲಾಮು, ಬಿಸಿಲಿಗೆ ಅಂಟು ಹೋದ ಪ್ಲಾಸ್ಟರ್. ಗಾಜ್ ಇಲ್ಲ, ಗ್ಲೌಸ್ ಇಲ್ಲ. ಎಲ್ಲಿ ಹೋಯಿತು ಅಂದರೆ ಚಾಲಕ ಹೇಳಿದರು, "ಉಪಯೋಗಿಸಿ ಮುಗೀತು ಮೇಡಂ." ಒಳ್ಳೆಯ ಉತ್ತರ ಅದು, ಉಪಯೋಗಿಸಿದ್ದಾರೆ. ಮುಗಿದ ಮೇಲೆ ಯಾವ ಬಾಬ್ತಿನಲ್ಲಿ ಕೊಳ್ಳಬೇಕು ಅಂತ ಠಾಣೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೆಡಿಕಲ್ ಶಾಪಿನ ಬಿಲ್ಲು ತಂದು ಪಾಸು ಮಾಡಿಸಿಕೊಳ್ಳಲು ಓಡಾಡುವ ಬದಲು ಕೆಲವರು ಕೈಯಿಂದಲೇ ಹಾಕಿ ತಂದಿಟ್ಟಿದ್ದಾರೆ. ಸಂಬಳದಿಂದ ಗಾಜ್ ಕೊಳ್ಳುವ ಕಾನ್‌ಸ್ಟೆಬಲ್‌ಗೆ ನಾವು ಉತ್ತರ ಕೊಡಬೇಕು.

ಎಷ್ಟು ಹಣ ಬೇಕು? ಒರಟಾಗಿ ಒಂದು ಅಂದಾಜು ಹಾಕೋಣ, ನನ್ನದೇ ಲೆಕ್ಕ, ತಪ್ಪಿದ್ದರೆ ಹಣಕಾಸು ತಿಳಿದವರು ತಿದ್ದಿ. ರಾಜ್ಯದಲ್ಲಿ ಸುಮಾರು ಸಾವಿರ ಠಾಣೆ ಅಂತಿಟ್ಟುಕೊಳ್ಳಿ. ಠಾಣೆಗೆ 20 ಜನರಂತೆ 20,000 ಜನ. ಒಬ್ಬರಿಗೆ ವರ್ಷಕ್ಕೆ ಒಂದು ಪೂರ್ತಿ ದಿನ, ಆಮೇಲೆ ಆರು ತಿಂಗಳಿಗೆ ಒಂದು ಗಂಟೆಯ ಅಭ್ಯಾಸ. ತರಬೇತುದಾರರ ಸಂಭಾವನೆ, ಬೊಂಬೆಗಳ ಸವಕಳಿ, ಊಟ, ಪ್ರಯಾಣ ಭತ್ಯೆ ಎಲ್ಲ ಸೇರಿ ಒಬ್ಬರಿಗೆ 1,500 ರೂಪಾಯಿ ಅಂದರೆ 3 ಕೋಟಿ. ಠಾಣೆಗೆ ವರ್ಷಕ್ಕೆ 20,000 ರೂಪಾಯಿಯ ಗಾಜ್, ಗ್ಲೌಸ್, ಪ್ರೆಷರ್ ಬ್ಯಾಂಡೇಜ್, ಟೂರ್ನಿಕೆಟ್ ಅಂದರೆ 2 ಕೋಟಿ. ಒಟ್ಟು 5 ಕೋಟಿ. ನನ್ನ ಲೆಕ್ಕ ಅರ್ಧಕ್ಕೆ ಅರ್ಧ ಕಡಿಮೆ ಆಗಿದ್ದರೂ 10 ಕೋಟಿ. 2023ರ ಫೆಬ್ರವರಿಯಲ್ಲಿ ಹಳೆಯ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರು ನಗರವೊಂದರಲ್ಲೇ ಕೆಲವೇ ದಿನಗಳಲ್ಲಿ 100 ಕೋಟಿಗೂ ಹೆಚ್ಚು ಹಣ ಬಂತು. ಜನ ಸಾಲಿನಲ್ಲಿ ನಿಂತು ಕಟ್ಟಿದರು. ಆ ಹಣ ರಸ್ತೆಯಿಂದ ಬಂದದ್ದು, ಅದರಲ್ಲಿ ಒಂದು ಪಾಲು ರಸ್ತೆಯಲ್ಲಿ ಬಿದ್ದವರಿಗೆ ಹೋಗಲಿ ಅಂತ ಕೇಳುವುದು ನ್ಯಾಯ.

ದಂಡದ ಹಣ ಪೊಲೀಸರ ಹತ್ತಿರ ಉಳಿಯುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ, ಅದು ಸರ್ಕಾರದ ಖಜಾನೆಗೆ ಹೋಗುತ್ತದೆ. ಅಲ್ಲಿಂದ ರಸ್ತೆ ಸುರಕ್ಷತೆಗೆ ಅಂತ ಬೇರೆ ನಿಧಿ ಮಾಡಿ, ದಂಡದ ಒಂದು ಭಾಗ ಅದಕ್ಕೆ ಹಾಕಿ ಅಂತ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ರಾಜ್ಯಗಳಿಗೆ ಹೇಳಿದೆ. ಕರ್ನಾಟಕದಲ್ಲಿ 2017ರ ರಸ್ತೆ ಸುರಕ್ಷತಾ ಪ್ರಾಧಿಕಾರ ಕಾಯ್ದೆ ಇದೆ, ಅದರಡಿ ನಿಧಿಯೂ ಇದೆ. ಅಂದರೆ ಹೊಸ ಕಾನೂನು ಬೇಕಿಲ್ಲ. ಆ ನಿಧಿಯಲ್ಲಿ ಪೊಲೀಸರ ತುರ್ತು ಚಿಕಿತ್ಸಾ ತರಬೇತಿ ಅಂತ ಒಂದು ಸಾಲು ಬರೆದು, ಪ್ರತಿ ವರ್ಷ ಅದಕ್ಕೆ ಮೊತ್ತ ತುಂಬಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ, ಜಯದೇವ ಆಸ್ಪತ್ರೆ ಹಿಂದೆ ನಿಂತಿದೆ. ಅದು ನಡೆಯುತ್ತಿರುವುದು ಸರ್ಕಾರ ಔಷಧಿಗೆ ಹಣ ಕೊಡುತ್ತಿರುವುದರಿಂದ. ಯಾರೋ ದಾನಿ ಕೊಟ್ಟಾಗ ಮಾತ್ರ ಇಂಜೆಕ್ಷನ್ ಅಂದಿದ್ದರೆ ಯಾವ ಡಾಕ್ಟರೂ ಅದನ್ನು ನಂಬಿ ಕೂರುತ್ತಿರಲಿಲ್ಲ.

ಹಣಕ್ಕಿಂತ ಕಷ್ಟದ್ದು ಒಂದಿದೆ, ಸಮಯ. ತರಗತಿಗೆ 30 ಜನ ಕಳಿಸಿ ಅಂದರೆ 18 ಜನ ಬರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನರಿಗೆ ಬಂದೋಬಸ್ತಿಗೆ ಕರೆ ಬರುತ್ತೆ. ಅವರ ಜಾಗದಲ್ಲಿ ಯಾರು ನಿಲ್ಲಬೇಕು ಅಂತ ಯೋಚಿಸದೆ ತರಬೇತಿಗೆ ಆದೇಶ ಹೊರಡಿಸಿದರೆ, ಕೊನೆಗೆ ವಾರದ ರಜೆ ಕಳೆದುಕೊಂಡು ಬಂದು ಕೂರುವುದು ಕಾನ್‌ಸ್ಟೆಬಲ್. ಸುಸ್ತಾಗಿ ನಿದ್ದೆಗೆಟ್ಟು ಬಂದವರಿಗೆ ಏನು ಕಲಿಸಲಿ? ಹಾಗಾಗಿ ಆ ದಿನವನ್ನು ಕರ್ತವ್ಯದ ದಿನ ಅಂತ ಎಣಿಸಬೇಕು, ಬದಲಿ ಸಿಬ್ಬಂದಿಯ ಖರ್ಚನ್ನೂ ಆ ಸಾಲಿನಲ್ಲೇ ಇಡಬೇಕು. ಮರು ಅಭ್ಯಾಸಕ್ಕೆ ಶುಕ್ರವಾರದ ಪರೇಡ್ ಇದೆ. ಪರೇಡ್ ಮುಗಿದ ಮೇಲೆ ಒಂದು ಗಂಟೆ, ಎರಡು ಬೊಂಬೆ, ಒಂದು ಫೋಮ್ ತುಂಡು ಸಾಕು. ಪ್ರತಿ ಸಲ ಡಾಕ್ಟರ್ ಬರಬೇಕಾಗಿಯೂ ಇಲ್ಲ. ಪ್ರತಿ ಉಪವಿಭಾಗದಲ್ಲಿ ಕಲಿಸುವ ಆಸಕ್ತಿ ಇರುವ ನಾಲ್ಕು ಜನ ಎಎಸ್‌ಐ, ಹೆಡ್ ಕಾನ್‌ಸ್ಟೆಬಲ್‌ಗಳನ್ನು ಆರಿಸಿ ಅವರನ್ನೇ ತರಬೇತುದಾರರನ್ನಾಗಿ ಮಾಡಬೇಕು. ಪೊಲೀಸರು ಪೊಲೀಸರ ಮಾತು ಬೇಗ ಕೇಳುತ್ತಾರೆ, ಇದು ನಾನು ನೋಡಿ ತಿಳಿದದ್ದು.

ಇನ್ನು ಪ್ರಶ್ನೆಗಳು. ಒಬ್ಬ ವಕೀಲರು ಎದ್ದು, ಪೊಲೀಸರು ಮುಟ್ಟಿ ಗಾಯಾಳು ಸತ್ತರೆ ಕೇಸು ಆಗುವುದಿಲ್ಲವೇ ಅಂದರು. ನ್ಯಾಯವಾದ ಭಯ. ನೆರವಾದ ಸಾರ್ವಜನಿಕರಿಗೆ 2016ರ ಸುಪ್ರೀಂ ಕೋರ್ಟ್ ಆದೇಶದಿಂದಲೂ, ಮೋಟಾರು ವಾಹನ ಕಾಯ್ದೆಯ 134ಎ ಕಲಮಿನಿಂದಲೂ ರಕ್ಷಣೆ ಇದೆ. ಕರ್ನಾಟಕ ಈ ಬಗ್ಗೆ ತನ್ನದೇ ಕಾಯ್ದೆಯನ್ನೂ ಮಾಡಿದೆ. ಪ್ರಜ್ಞೆ ಇಲ್ಲದವರ ಒಳ್ಳೆಯದಕ್ಕಾಗಿ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಇದೆ. ಆದರೆ ಡ್ಯೂಟಿಯಲ್ಲಿರುವ ಪೊಲೀಸರಿಗೆ ಇಷ್ಟು ಸಾಲದು ಅಂತ ನನ್ನ ಅಭಿಪ್ರಾಯ. ತರಬೇತಿ ಪಡೆದವರು ಕಲಿತ ಕ್ರಮದಲ್ಲಿ ಮಾಡಿದ್ದಕ್ಕೆ ಇಲಾಖಾ ವಿಚಾರಣೆ ಇಲ್ಲ ಅಂತ ಮಹಾನಿರ್ದೇಶಕರ ಸ್ಪಷ್ಟ ಸುತ್ತೋಲೆ ಬೇಕು. ನೇಣಿನ ಪ್ರಕರಣಗಳಲ್ಲಿ ಇದು ಬಹಳ ಮುಖ್ಯ. ದೇಹ ಮುಟ್ಟಿದರೆ ಸಾಕ್ಷ್ಯ ಹಾಳಾಗುತ್ತೆ, ಮಹಜರು ಆಗಬೇಕು ಅಂತ ಕಾಯುತ್ತಾ ನಿಂತರೆ, ಇನ್ನೂ ಉಸಿರಿರುವ ಮನುಷ್ಯ ಕಣ್ಣೆದುರೇ ಹೋಗಬಹುದು. ಮೊದಲು ಕೆಳಗಿಳಿಸಿ, ಆಮೇಲೆ ಮಹಜರು, ಗಂಟನ್ನು ಮುಟ್ಟದೆ ಬೇರೆ ಕಡೆ ಹಗ್ಗ ಕತ್ತರಿಸಿ ಅಂತ ನಾವು ಹೇಳಿಕೊಡುತ್ತೇವೆ. ಜೀವವೂ ಉಳಿಯಬಹುದು, ಸಾಕ್ಷ್ಯವೂ ಉಳಿಯುತ್ತೆ.

ನಿವೃತ್ತ ಶಿಕ್ಷಕಿಯೊಬ್ಬರು, ಪೊಲೀಸರಿಗೆ ಈಗಲೇ ಕೆಲಸ ಜಾಸ್ತಿ, ಇದೂ ಹೊರಿಸುತ್ತೀರಾ ಅಂದರು. ಉತ್ತರ ಕೊಟ್ಟದ್ದು ನಾನಲ್ಲ, ಹಿಂದೆ ಕೂತಿದ್ದ ಹೆಡ್ ಕಾನ್‌ಸ್ಟೆಬಲ್ ಒಬ್ಬರು. "ಅಕ್ಕಾ, ಹೋಗೋದಂತೂ ನಾವೇ ಹೋಗ್ತೀವಿ. ಹೋಗಿ ಏನೂ ಮಾಡಕ್ಕಾಗ್ದೆ ನಿಂತ್ಕೊಂಡು ಬರೋದು ಇದಕ್ಕಿಂತ ಭಾರ" ಅಂದರು. ಆಮೇಲೆ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇದು ಆರೋಗ್ಯ ಇಲಾಖೆ ಕೆಲಸ ಅಲ್ವಾ, ಆಂಬುಲೆನ್ಸ್ ಜಾಸ್ತಿ ಮಾಡಿ ಅಂತ ಇನ್ನೊಬ್ಬರು ಕೇಳಿದರು. ಜಾಸ್ತಿ ಮಾಡಲೇಬೇಕು, ಪೊಲೀಸರ ತರಬೇತಿ ಹೆಸರಿನಲ್ಲಿ ಒಂದೇ ಒಂದು ಆಂಬುಲೆನ್ಸ್ ಕಡಿಮೆಯಾದರೂ ನಾನು ಈ ಯೋಜನೆ ವಿರೋಧಿಸುತ್ತೇನೆ. ಆದರೆ ಎಷ್ಟು ಆಂಬುಲೆನ್ಸ್ ಕೊಂಡರೂ ಅದು ಬರುವ ಮುಂಚಿನ ನಿಮಿಷಗಳು ಇದ್ದೇ ಇರುತ್ತವೆ.

ಕೊನೆಯ ಪ್ರಶ್ನೆ ಕೇಳಿದ್ದು ಒಬ್ಬ ಕಾಲೇಜು ಹುಡುಗ. ಸರ್ಕಾರ ಒಪ್ಪುವವರೆಗೆ ಕಾಯಬೇಕಾ ಅಂದ. ಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ, ಎಸ್‌ಪಿ ಅದರಲ್ಲಿರುತ್ತಾರೆ. ಆ ಸಮಿತಿಗೆ ಒಂದು ಪತ್ರ ಬರೆಯಿರಿ. ಹೆದ್ದಾರಿ ಮೇಲಿರುವ ಒಂದು ಉಪವಿಭಾಗ ಆರಿಸಿ, ಅಲ್ಲಿನ ಎಲ್ಲ ಠಾಣೆಗಳಿಗೆ ಒಂದು ವರ್ಷದ ತರಬೇತಿ ಮತ್ತು ಸಾಮಾನಿಗೆ ಹಣ ಕೇಳಿ. ಜೊತೆಗೆ ಪ್ರತಿ ಠಾಣೆಯಲ್ಲಿ ಒಂದು ರಿಜಿಸ್ಟರ್ ಇಡಲು ಹೇಳಿ. ಫೋನ್ ಬಂದ ಸಮಯ, ಸ್ಥಳ ತಲುಪಿದ ಸಮಯ, ಗಾಯಾಳುವಿಗೆ ಏನು ಮಾಡಿದರು, ಏನು ಸಾಮಾನು ಖರ್ಚಾಯಿತು, ಆಸ್ಪತ್ರೆ ತಲುಪಿದಾಗ ಗಾಯಾಳು ಹೇಗಿದ್ದರು. ಐದು ಕಾಲಂ, ಅಷ್ಟೇ. ಆಸ್ಪತ್ರೆ ಕಡೆಯ ಮಾಹಿತಿ ತುಂಬಿಕೊಡುವ ಕೆಲಸ ನನ್ನಂಥವರದು, ನಾನು ಮಾಡುತ್ತೇನೆ ಅಂತ ಅಲ್ಲೇ ಹೇಳಿದೆ. ವರ್ಷದ ಕೊನೆಗೆ ಆ ರಿಜಿಸ್ಟರ್ ಹಿಡಿದುಕೊಂಡು ಬೆಂಗಳೂರಿಗೆ ಹೋದರೆ ಹಣಕಾಸು ಇಲಾಖೆಯವರ ಮುಂದೆ ಇಡಲು ನಮ್ಮ ಹತ್ತಿರ ನಮ್ಮದೇ ಜಿಲ್ಲೆಯ ಲೆಕ್ಕ ಇರುತ್ತದೆ. ಪತ್ರದ ಕರಡು ಆ ಹುಡುಗ ಮತ್ತು ವಕೀಲರು ಸೇರಿ ಬರೆಯುತ್ತಿದ್ದಾರೆ. ಸಮಿತಿಯ ಮುಂದಿನ ಸಭೆಗೆ ಅದು ಹೋಗುತ್ತದೆ.